ಹೊಳೆವ್ವನ ಖಾಲಿ ಚೀಲ

ಜಿನ್ನಪ್ಪ ಮಾಸ್ತರರು ವರ್ಷಕ್ಕೊಮ್ಮೆ ಹುಡುಗರನ್ನು ಕಟ್ಟಿಕೊಂಡು ಕಾರವಾರದ ಸಮುದ್ರಕ್ಕೆ ಹೋಗುತ್ತಿದ್ದರು, ಬರುವಾಗ ಬರಿಗೈಯಲ್ಲಿ ಬರುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಿಸೆ ತಡವಿ, ಚೀಲ ಝಾಡಿಸಿ, ಉಸುಕಿನ ಹೊರತು ಬೇರೇನಾದರೂ ಸಿಕ್ಕರೆ ವಾಪಸ್ಸು ನೀರಿನ ತನಕ ನಡೆಸಿಕೊಂಡು ಹೋಗಿ ಬಿಡಿಸಿಯೇ ಬಸ್ಸು ಹತ್ತಿಸುತ್ತಿದ್ದರು. ಊರಲ್ಲಿ ಮಂದಿ ನಗುತ್ತಿದ್ದರು. ಅಷ್ಟು ದೂರ ಹೋಗಿ ಒಂದು ಕವಡೆಯನ್ನೂ ತರುವುದಿಲ್ಲವೆಂದರೆ ಇದೆಂಥ ಟ್ರಿಪ್ಪು, ಇದೆಂಥ ಮಾಸ್ತರಿಕೆ ಎಂದು ಚಹಾದ ಅಂಗಡಿಯಲ್ಲಿ ಕೂತವರಿಗೆ ಅದೊಂದು ಕಾಯಂ ಸುದ್ದಿ. ಮಾಸ್ತರರು ಯಾರಿಗೂ ಜವಾಬು ಕೊಡಲಿಲ್ಲ. ಕೊಡಬೇಕೆಂದರೆ ಮೊದಲನೆಯ ಟ್ರಿಪ್ಪಿನ ಕಥೆ ಹೇಳಬೇಕಾಗುತ್ತಿತ್ತು, ಅದನ್ನು ಹೇಳುವಷ್ಟು ಗಟ್ಟಿ ಎದೆ ಅವರಿಗಿರಲಿಲ್ಲ.

ಅದು ೧೯೮೪ರ ಮಾತು. ಊರು ತೇರದಾಳದಿಂದ ಕೃಷ್ಣಾ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ. ಹೆಸರು ಬೇಡ, ಅವರ ಬಳಗದವರು ಇನ್ನೂ ಅಲ್ಲೇ ಇದ್ದಾರೆ. ಮಾಸ್ತರರಿಗೆ ಆಗ ಮೂವತ್ತೆರಡರ ವಯಸ್ಸು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮನೆಯಲ್ಲಿ ಇದ್ದದ್ದು ಅವರು ಮತ್ತು ತಾಯಿ ತಾರವ್ವ.

ಆ ವರ್ಷ ಜಮಖಂಡಿಯಲ್ಲಿ ಸಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ವಿಷಯಗಳ ಚೀಟಿ ಬಂದಾಗ ಇವರ ಪಾಲಿಗೆ ಬಿದ್ದದ್ದು ಸಮುದ್ರದ ರಕ್ಷಣೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಬ್ಬು, ಮಗ್ಗ, ಬೆಲ್ಲದ ಗಾಣ ಬಿಟ್ಟರೆ ಏನನ್ನೂ ಕಾಣದ ಹುಡುಗರಿಗೆ ಸಮುದ್ರವನ್ನು ಎಲ್ಲಿಂದ ತಂದು ತೋರಿಸುತ್ತೀರಿ ಮಾಸ್ತರ, ಹಿತ್ತಿಲ ನೀರಿನ ಹೌದಿನಲ್ಲಿ ಉಪ್ಪು ಹಾಕಿ ತೋರಿಸಿರಿ ಎಂದರು. ಜಿನ್ನಪ್ಪ ಮಾಸ್ತರರಿಗೆ ಹಟ ಬಂತು. ಹಟ ಬಂದರೆ ಅವರಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ.

ಮೂರು ತಿಂಗಳು ಅವರು ಆ ಹುಡುಗರನ್ನು ಕುಣಿಸಿಬಿಟ್ಟರು. ಒಂಬತ್ತನೆಯ ಇಯತ್ತೆಯ ಮೂವತ್ತೆರಡು ಮಕ್ಕಳನ್ನು ಹೊಳೆಯ ದಂಡೆಗೆ ಕರೆದೊಯ್ದು ನೀರಿಗೆ ಏನೇನು ಬೀಳುತ್ತದೆ ಎಂದು ಬರೆಸಿದರು. ಬಟ್ಟೆಯ ಸಾಬೂನು, ನೂಲಿಗೆ ಹಾಕುವ ಬಣ್ಣದ ನೀರು, ಗಾಣದ ಹೊಲಸು, ಸತ್ತ ಎಮ್ಮೆ. ನಾಲ್ಕು ಹಾಳೆ ಅಂಟಿಸಿ ಕೃಷ್ಣೆಯ ಚಿತ್ರ ತೆಗೆಸಿದರು. ಮಹಾಬಳೇಶ್ವರದಲ್ಲಿ ಎಳೆದ ನೀಲಿ ಗೆರೆ ಇವರ ಊರನ್ನು ಹಾಯ್ದು, ರಾಯಚೂರು, ಬೆಜವಾಡ ದಾಟಿ ಮೂಡಣ ಸಮುದ್ರಕ್ಕೆ ಬೀಳುತ್ತಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ, ನಾವು ಹೊಳೆಗೆ ಬಿಟ್ಟದ್ದು ಸಮುದ್ರವನ್ನು ಮುಟ್ಟುತ್ತದೆ ಎಂದು ಬರೆಸಿದರು. ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡು ಮನೆಮನೆಗೆ ಹೋಗಿ ಹಿರಿಯರಿಗೆ ಬುದ್ಧಿ ಹೇಳಿ ಬೈಸಿಕೊಂಡು ಬಂದರು. ಸಮುದ್ರವನ್ನೇ ನೋಡದ ಮಕ್ಕಳು ಸಮುದ್ರದ ಪರವಾಗಿ ಜಗಳ ಆಡುತ್ತಿದ್ದರು. ಮಾಸ್ತರರಿಗೆ ಎದೆ ಉಬ್ಬಿ ಬಂತು. ಇಷ್ಟು ಮಾಡಿದ ಮಕ್ಕಳಿಗೆ ಸಮುದ್ರ ತೋರಿಸದಿದ್ದರೆ ಹೇಗೆ ಎಂದು ಪಾಲಕರ ಮನೆ ಸುತ್ತಿ, ಹೆಡ್‌ಮಾಸ್ತರರ ಕಾಲುಕೈ ಹಿಡಿದು ಒಂದು ಬಸ್ಸು ಗೊತ್ತು ಮಾಡಿದರು.

ಆ ಮೂವತ್ತೆರಡರಲ್ಲಿ ಹೊಳೆವ್ವ ಒಬ್ಬಳು. ಹೊಳೆ ದಾಟಿಸುವ ಅಂಬಿಗರ ದಶರಥನ ಮಗಳು. ದಶರಥ ಹಗಲು ಮಂದಿಯನ್ನು ಆಚೆ ದಂಡೆಗೆ ಮುಟ್ಟಿಸುತ್ತಿದ್ದ, ಬೆಳಗಿನ ಜಾವ ಬಲೆ ಹಾಕುತ್ತಿದ್ದ. ಹುಡುಗಿ ಮಾತು ಕಡಿಮೆ, ಬರೆದರೆ ಮುತ್ತಿನಂಥ ಅಕ್ಷರ. ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅವಳ ಬುತ್ತಿಯಿಂದ ಮೀನಿನ ವಾಸನೆ ಬಂತೆಂದು ಹುಡುಗಿಯರು ಮೂಗು ಮುಚ್ಚಿಕೊಂಡು ಎದ್ದುಹೋದರು. ಗದ್ದಲ ಆಯಿತು. ಮಾಸ್ತರರು ಬಂದು ಅವಳಿಗೆ ಬೈಯಲಿಲ್ಲ, ಆ ಮಾತು ಖರೆ. ಹೊಳೆವ್ವಾ, ಆಚೆ ಗಿಡದ ಕೆಳಗೆ ಕೂತು ಉಣ್ಣು, ಸಾಲೆಯಲ್ಲಿ ಮೀನಿನ ಸುದ್ದಿ ತೆಗೆಯಬೇಡ ಎಂದು ಮೆಲ್ಲಗೆ ಹೇಳಿದರು. ಜೈನರ ಮನೆಯ ಹುಡುಗ ಅವರು, ಹುಟ್ಟಿದಾಗಿನಿಂದ ನೀರಿನ ಜೀವವನ್ನು ಕೈಯಲ್ಲಿ ಮುಟ್ಟಿದವರಲ್ಲ. ಮೆಲ್ಲಗೆ ಹೇಳಿದೆನಲ್ಲ ಎಂದು ಅವರು ಮರೆತರು. ಹುಡುಗಿ ಮರೆಯಲಿಲ್ಲ.

ಕಾರವಾರದಲ್ಲಿ ನೀರು ಇಳಿದ ಹೊತ್ತು. ಬಂಡೆಗಳು ಬಯಲಾಗಿ ಸಂದುಗೊಂದಿನಲ್ಲಿ ನೀರು ನಿಂತಿತ್ತು. ಮಕ್ಕಳು ಮೊದಲು ಬೆಪ್ಪಾಗಿ ನಿಂತರು, ಆಮೇಲೆ ಕಿರಿಚಾಡಿದರು, ಆಮೇಲೆ ಒಬ್ಬ ಹುಡುಗ ಸುಮ್ಮನೆ ಅತ್ತ. ಮಾಸ್ತರರು ಎಲ್ಲರನ್ನೂ ನಿಲ್ಲಿಸಿ ಚೀಲ ಹಂಚಿದರು. ಪ್ರದರ್ಶನದ ಟೇಬಲ್ಲಿಗೆ ಶಂಖ, ಚಿಪ್ಪು ಬೇಕು. ಒಡೆದದ್ದು, ಬಣ್ಣ ಹೋದದ್ದು, ಉಸುಕಿನಲ್ಲಿ ಸವೆದದ್ದು ಬೇಡ. ಬಂಡೆಗಳ ಹತ್ತಿರ ಹೊಳೆಯುವಂಥವು ಇವೆ, ಇಡಿಯಾದದ್ದನ್ನು, ಹೊಳೆಯುವಂಥದ್ದನ್ನೇ ಆರಿಸಿಕೊಳ್ಳಿ ಎಂದು ಹೇಳಿದರು.

ಒಡೆದದ್ದು, ಸವೆದದ್ದು ಖಾಲಿಯವು. ಹೊಳೆಯುವುದರ ಒಳಗೆ ಜೀವವಿರುತ್ತದೆ. ಇಷ್ಟು ಸಣ್ಣ ಮಾತು ಸಮುದ್ರದ ದಂಡೆಯ ಕೂಸಿಗೂ ಗೊತ್ತು. ಬಿ.ಎಸ್ಸಿ. ಮಾಡಿದ ಜಿನ್ನಪ್ಪ ಮಾಸ್ತರರಿಗೆ ಗೊತ್ತಿರಲಿಲ್ಲ.

ಒಂದು ತಾಸಿನಲ್ಲಿ ಮಕ್ಕಳು ತಂದು ಸುರುವಿ ಎರಡು ಗೋಣಿಚೀಲ ಅರ್ಧರ್ಧ ತುಂಬಿದವು. ಹೊಳೆವ್ವನ ಚೀಲವೊಂದೇ ಖಾಲಿ. ಅವಳು ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ಬೋರಲು ಮಾಡಿ ನೋಡಿ, ಮತ್ತೆ ನೀರಲ್ಲಿ ಇಡುತ್ತಿದ್ದುದನ್ನು ಮಾಸ್ತರರು ದೂರದಿಂದ ಕಂಡಿದ್ದರು. ಆಟ ಆಡುತ್ತಿದ್ದಾಳೆ ಎಂದುಕೊಂಡರು. ಇಷ್ಟು ದೂರ ಬಂದು ಖಾಲಿ ಚೀಲ ತೋರಿಸುತ್ತೀಯಲ್ಲ, ಉಳಿದವರು ದುಡಿಯಬೇಕು ನೀನು ಕೂತು ನೋಡಬೇಕೇನು ಎಂದು ಎಲ್ಲರ ಮುಂದೆ ಗದರಿಸಿದರು. ಹುಡುಗಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದಳು.

ರವಿವಾರ ಬೆಳಿಗ್ಗೆ ಊರು ಮುಟ್ಟಿದರು. ದಾರಿಯಲ್ಲೇ ಗೋಣಿಚೀಲ ವಾಸನೆ ಹೊಡೆಯತೊಡಗಿತ್ತು. ಸಮುದ್ರದ ವಾಸನೆ ಹೀಗೇ ಇರುತ್ತದೆ ಎಂದು ಮಾಸ್ತರರು ಮಕ್ಕಳಿಗೆ ಹೇಳಿದ್ದರು. ಮನೆಗೆ ಬಂದು ಒಂದು ಚೀಲವನ್ನು ಹಿತ್ತಿಲಿನ ದೊಡ್ಡ ಪರಾತಕ್ಕೆ ಸುರುವಿ, ಅವ್ವಾ, ಇವಕ್ಕೆ ಕುದಿಯುವ ನೀರು ಹಾಕಿಬಿಡು, ವಾಸನೆ ಹೋಗುತ್ತದೆ ಎಂದು ಹೇಳಿ ಜಳಕಕ್ಕೆ ಹೋದರು.

ತಾರವ್ವನ ವಿಷಯ ಹೇಳಬೇಕು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳು ಗಾಳಿಸದ ನೀರನ್ನು ಬಾಯಿಗೆ ಹಾಕಿದವಳಲ್ಲ. ಬೆಳಿಗ್ಗೆ ಭಾವಿಯ ನೀರು ಸೇದಿ, ದಪ್ಪನೆಯ ಅರಿವೆಯನ್ನು ಎರಡು ಪದರು ಮಾಡಿ ಕೊಡದ ಬಾಯಿಗೆ ಕಟ್ಟಿ ಸುರುವುವಳು. ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಗಾಳಿಸಿದ ನೀರಲ್ಲೇ ಜಾಲಿಸಿ ಸಣ್ಣ ಚರಿಗೆಗೆ ತೆಗೆದುಕೊಂಡು, ಚರಿಗೆಗೆ ಹಗ್ಗ ಕಟ್ಟಿ ಭಾವಿಯ ನೀರಿನ ತನಕ ಇಳಿಸಿ, ಅಲ್ಲಿ ಮೆಲ್ಲಗೆ ಮಗುಚುವಳು. ಮೇಲಿನಿಂದ ಸುರುವಿದರೆ ಜೀವಕ್ಕೆ ಪೆಟ್ಟಾಗುತ್ತದೆ. ಭಾವಿಯದನ್ನು ಭಾವಿಗೇ ಬಿಡಬೇಕು, ಹೊಳೆಯದನ್ನು ಹೊಳೆಗೇ, ಯಾವ ನೀರಿನಿಂದ ತಂದೆವೋ ಆ ನೀರಿಗೇ ಮುಟ್ಟಿಸಬೇಕು. ಐವತ್ತೆರಡು ವರ್ಷ ಒಂದು ದಿನ ತಪ್ಪಿಸಿರಲಿಲ್ಲ. ಜ್ವರ ಬಂದರೂ ಗೋಡೆ ಹಿಡಿದು ಭಾವಿಗೆ ಹೋಗುವಳು.

ಅಂಥ ತಾರವ್ವ ಗಾಳಿಸಿದ ನೀರನ್ನೇ ಹಂಡೆಯಲ್ಲಿ ಕುದಿಸಿ, ಮಗ ಹೇಳಿದಂತೆ ಪರಾತದಲ್ಲಿ ಹೊಯ್ದಳು.

ಮಾಸ್ತರರು ಜಳಕ ಮುಗಿಸಿ ಬಂದಾಗ ತಾಯಿ ಪರಾತದ ಮುಂದೆ ನೆಲಕ್ಕೆ ಕೂತಿದ್ದಳು. ತಂಬಿಗೆ ಕೈಯಲ್ಲೇ ಇತ್ತು. ಪ್ರತಿ ಶಂಖದ ಬಾಯಿಂದ ಏನೋ ಹೊರಗೆ ಬಂದಿತ್ತು. ಕೆಲವಕ್ಕೆ ಸಣ್ಣ ಕೆಂಪು ಕಾಲು, ಕೆಲವಕ್ಕೆ ಕೊಂಬು, ಕೆಲವು ಬರೀ ಮೆತ್ತನೆಯ ಮಾಂಸ. ಎಲ್ಲವೂ ಹೊರಗೆ ಓಡಿಬರಲು ಹೋಗಿ ಅರ್ಧಕ್ಕೆ ನಿಂತಿದ್ದವು. ತಾರವ್ವ ಮಗನ ಮುಖ ನೋಡಿ ಕೇಳಿದಳು.

"ಜಿನ್ನಪ್ಪಾ, ನನ್ನ ಕೈಲೆ ಏನ್ ಮಾಡಿಸಿದೆಪ್ಪಾ?"

ಮಾಸ್ತರರು ಇನ್ನೊಂದು ಚೀಲದ ಬಾಯಿ ಬಿಚ್ಚಿ ನೋಡಿದರು. ಹಸಿ ಗೋಣಿಯಲ್ಲಿ ಒಂದೆರಡು ಶಂಖ ಅಲುಗಾಡಿದವು. ಕೆಲವು ಬಾಯಿಯ ಮುಚ್ಚಳವನ್ನು ಬಾಗಿಲಿನಂತೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. ಮುಟ್ಟಿದರೆ ಬಾಗಿಲು ಇನ್ನಷ್ಟು ಒಳಗೆ ಸರಿಯುತ್ತಿತ್ತು. ಆಗ ಅವರಿಗೆ ಬಂಡೆಯ ಮೇಲೆ ಕೂತಿದ್ದ ಹುಡುಗಿ ನೆನಪಾದಳು. ಒಂದೊಂದನ್ನೇ ಬೋರಲು ಮಾಡಿ ನೋಡಿ ನೀರಲ್ಲಿ ಇಡುತ್ತಿದ್ದ ಹುಡುಗಿ.

ಸತ್ತವುಗಳನ್ನು ಬೇವಿನ ಗಿಡದ ಬುಡಕ್ಕೆ ಹುಗಿದರು. ತಾರವ್ವ ತಲೆಯ ಮೇಲೆ ತಣ್ಣೀರು ಸುರುವಿಕೊಂಡು, ಒದ್ದೆ ಸೀರೆಯಲ್ಲೇ ಜಿನಬಿಂಬದ ಮುಂದೆ ನಿಂತು, ಉಳಿದವು ತಮ್ಮ ನೀರನ್ನು ಮುಟ್ಟುವ ತನಕ ತನಗೆ ಅನ್ನ ನೀರು ಬೇಡ ಎಂದು ನೇಮ ಹಿಡಿದಳು. ಎಪ್ಪತ್ತರ ಮುದುಕಿ, ಹಿಂದಿನ ದಿನವೂ ಒಪ್ಪೊತ್ತು ಇದ್ದವಳು.

ಮಾಸ್ತರರು ಹೆಡ್‌ಮಾಸ್ತರರ ಮನೆಗೆ ಓಡಿದರು. ರಜೆ ಇಲ್ಲ, ಇದ್ದ ರಜೆ ಟ್ರಿಪ್ಪಿಗೇ ಮುಗಿದಿದೆ, ಗುರುವಾರ ಪ್ರದರ್ಶನ, ಶುಕ್ರವಾರ ಬೇಕಾದರೆ ಹೋಗಿ ಎಂಬ ಉತ್ತರ ಬಂತು. ರಜೆ ಸಿಗದಿದ್ದರೂ ಹೋಗಬಹುದಿತ್ತು. ಪಗಾರ ಕಟ್ಟಾಗುತ್ತಿತ್ತು, ಅಷ್ಟೇ. ಆದರೆ ಮೂರು ತಿಂಗಳ ದುಡಿಮೆ, ನೀಲಿ ಗೆರೆಯ ಚಿತ್ರ, ಸ್ಟಾಫ್ ರೂಮಿನ ಆ ನಗೆ, ಎಲ್ಲ ಅವರ ಕಣ್ಣ ಮುಂದೆ ಬಂದವು. ಮನೆಗೆ ಬಂದು, ಶುಕ್ರವಾರ ಒಯ್ಯುತ್ತೇನೆ ಅವ್ವಾ, ಅಲ್ಲಿಯ ತನಕ ಉಪ್ಪುನೀರಲ್ಲಿ ಇಡೋಣ, ನೀನು ಉಣ್ಣು ಎಂದರು. ಶುಕ್ರವಾರದ ತನಕ ಅವು ಇರುತ್ತವೇನು ಎಂದು ಅವಳು ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಅವಳ ಮುಖದ ಮೇಲೆ ಒಂಚೂರು ಬೆಳಕು ಬಂತು. ಎದ್ದು ಕೂತು ಹೇಳಿದಳು.

"ನಮ್ಮ ಹೊಳಿ ಸಮುದ್ರಕ್ಕ ಹೋಗ್ತೈತಿ ಅಂತ ನೀನ ಅಲ್ಲೇನು ಹುಡುಗರಿಗೆ ಕಲಿಸಿದ್ದು? ಹೊಳಿಗೆ ಬಿಡೂಣು ನಡಿ. ಹೊಳಿ ಒಯ್ದು ಮುಟ್ಟಸ್ತೈತಿ."

ಇಲ್ಲಿ ಮಾಸ್ತರರು ಒಂದು ಮಾತು ಹೇಳಬೇಕಿತ್ತು. ಉಪ್ಪುನೀರಿನ ಜೀವ ಸಿಹಿನೀರಲ್ಲಿ ಬದುಕುವುದಿಲ್ಲ, ಮೈ ಉಬ್ಬಿ ಸಾಯುತ್ತದೆ ಎಂದು ಅವರೇ ಹೋದ ತಿಂಗಳು ಕರಿಹಲಗೆಯ ಮೇಲೆ ಬರೆದು ಕಲಿಸಿದ್ದರು. ಪರೀಕ್ಷೆಯಲ್ಲಿ ಕೇಳಿದ್ದರು. ಇವು ಪಡುವಣ ಸಮುದ್ರದವು, ನಮ್ಮ ಹೊಳೆ ಹರಿಯುವುದು ಮೂಡಣಕ್ಕೆ ಎಂಬುದೂ ಗೊತ್ತಿತ್ತು. ಹೇಳಿದರೆ ತಾಯಿ ಉಣ್ಣುವುದಿಲ್ಲ. ಹೇಳಿದರೆ ಈಗಲೇ ಕಾರವಾರಕ್ಕೆ ಹೊರಡಬೇಕು. ಹೇಳದಿದ್ದರೆ ಎಲ್ಲ ಸರಳ. ಅವರು ಚಪ್ಪಲಿ ಮೆಟ್ಟಿಕೊಂಡು ಚೀಲವನ್ನು ಹೆಗಲಿಗೆ ಏರಿಸಿದರು.

ಹೊಳೆಯ ದಂಡೆಯಲ್ಲಿ ಹೊಳೆವ್ವ ಪಾತ್ರೆ ತಿಕ್ಕುತ್ತಿದ್ದಳು. ಮಾಸ್ತರರನ್ನು ಕಂಡು ಎದ್ದು ಕೈ ಒರೆಸಿಕೊಂಡಳು. ತಾರವ್ವ ಮನೆಯಿಂದ ತಂದ ಚರಿಗೆಗೆ ಒಂದು ಮುಷ್ಟಿ ಶಂಖ ಹಾಕಿ, ಮೊಣಕಾಲ ತನಕ ನೀರಿಗಿಳಿದು, ಬಗ್ಗಿ, ಚರಿಗೆಯನ್ನು ನೀರೊಳಗೆ ಮುಳುಗಿಸಿ ಮೆಲ್ಲಗೆ ಮಗುಚಿದಳು. ಮತ್ತೊಂದು ಚರಿಗೆ. ಮತ್ತೊಂದು. ಯಾವುದಕ್ಕೂ ಪೆಟ್ಟಾಗಬಾರದು. ಮುದುಕಿಯ ನಡು ನೋಯುತ್ತಿತ್ತು, ಮಗ ಮುಂದೆ ಬಂದರೆ ಬೇಡ ಎಂದು ಕೈ ಅಡ್ಡ ಮಾಡಿದಳು. ಚೀಲ ಖಾಲಿಯಾದ ಮೇಲೆ ನೀರಲ್ಲೇ ನಿಂತು, ಯಾಕೋ ಒಂದು ಅನುಮಾನ ಬಂದವಳಂತೆ ದಂಡೆಯ ಹುಡುಗಿಯನ್ನು ಕೇಳಿದಳು.

"ಯವ್ವಾ, ನೀವು ನೀರಿನ ಮಂದಿ, ನಿಮಗ ಗೊತ್ತಿರತೈತಿ. ಇವು ಸಮುದ್ರದ ಜೀವ. ಇಲ್ಲಿ ಬಿಟ್ರ ತಮ್ಮ ಮನಿ ಮುಟ್ತಾವೇನು?"

ಹೊಳೆವ್ವ ಮಾಸ್ತರರ ಕಡೆಗೆ ನೋಡಿದಳು. ಪರೀಕ್ಷೆಯಲ್ಲಿ ಉಪ್ಪುನೀರಿನ ಜೀವದ ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆದ ನಾಲ್ಕು ಮಕ್ಕಳಲ್ಲಿ ಅವಳೊಬ್ಬಳು, ಅದು ಮಾಸ್ತರರಿಗೂ ನೆನಪಿತ್ತು. ಅವರು ಅವಳ ಕಣ್ಣು ತಪ್ಪಿಸಿ ಆಚೆ ದಂಡೆಯ ಕಬ್ಬಿನ ಹೊಲ ನೋಡಿದರು.

"ಮುಟ್ತಾವರಿ ಅಜ್ಜಿ," ಎಂದಳು ಹುಡುಗಿ. "ಹರಿವು ಛಲೋ ಐತ್ರಿ."

ತಾರವ್ವ ನೀರಿಗೆ ಕೈ ಮುಗಿದಳು. ಅವಳು ಅತ್ತಿತ್ತ ನೋಡದೆ ನಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಾಗ ಮಾಸ್ತರರು ಹುಡುಗಿಯ ಹತ್ತಿರ ಬಂದರು. ಒಳಗ ಜೀವ ಐತಿ ಅಂತ ಕಾರವಾರದಾಗ ನಿನಗ ಗೊತ್ತಿತ್ತೇನು ಎಂದು ಕೇಳಿದರು. ಗೊತ್ತಿತ್ತರಿ ಎಂದಳು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಸಾಲ್ಯಾಗ ಮೀನಿನ ಸುದ್ದಿ ತೆಗೀಬ್ಯಾಡ ಅಂದಿದ್ರಲ್ಲರಿ ಸರ್."

ಸಿಟ್ಟಿನಿಂದ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಮಾಸ್ತರರಿಗೆ ಅಲ್ಲಿಯೇ ಹೊಳೆಗೆ ಹಾರಿಬಿಡಬೇಕು ಅನಿಸಿತು.

ಅವತ್ತು ಸಂಜೆ, ಹೊತ್ತು ಮುಳುಗುವ ಮುಂಚೆ, ತಾರವ್ವ ಉಂಡಳು. ಜೋಳದ ನುಚ್ಚು, ಮಜ್ಜಿಗೆ. ಉಣ್ಣುತ್ತ ಕೇಳಿದಳು, ನಾಳೆ ಎಲ್ಲಿಯ ತನಕ ಹೋಗುತ್ತವೋ ಎಂದು. ಮಾಸ್ತರರು ಚಿಕ್ಕಸಂಗಮ ಎಂದರು. ಮುಂದೆ ದಿನಾ ಬೆಳಿಗ್ಗೆ ಭಾವಿಗೆ ಚರಿಗೆ ಇಳಿಸುವಾಗ ಅದೇ ಪ್ರಶ್ನೆ. ಮಗ ಅಂಗಳದಲ್ಲಿ ಹಲ್ಲುಜ್ಜುತ್ತ ಊರುಗಳ ಹೆಸರು ಹೇಳಬೇಕು. ನಾರಾಯಣಪುರ, ದೇವಸೂಗೂರು, ಶ್ರೀಶೈಲ. ಒಮ್ಮೊಮ್ಮೆ ಅವರು ಮರೆತು ಹಿಂದಿನ ಊರನ್ನೇ ಹೇಳಿದರೆ, ಹೋದ ವಾರವೇ ಅದನ್ನು ದಾಟಿದ್ದವಲ್ಲ ಎಂದು ಅವಳೇ ತಿದ್ದುವಳು. ಎರಡೂವರೆ ತಿಂಗಳು ಹೀಗೆ ನಡೆದು, ಯುಗಾದಿಯ ದಿನ ಅವರು ಇನ್ನು ತಡೆಯಲಾರದೆ, ಮುಟ್ಟಿದವು ಅವ್ವಾ ಎಂದರು. ತಾರವ್ವ ಹೋಳಿಗೆ ಮಾಡಿದಳು. ಮೊದಲನೆಯದನ್ನು ಎಲೆಯಲ್ಲಿ ಸುತ್ತಿ, ಆ ಅಂಬಿಗರ ಹುಡುಗಿಗೆ ಕೊಟ್ಟು ಬಾ, ಅವಳ ಮಾತು ಖರೆ ಆಯಿತು ಎಂದಳು.

ಮಗನಿಗೆ ಅವಳು ಒಂದು ದಿನವೂ ಬೈಯಲಿಲ್ಲ. ಆದರೆ ಆ ರವಿವಾರದಿಂದ ಬಿಸಿನೀರಲ್ಲಿ ಮೈ ತೊಳೆಯುವುದನ್ನು ಬಿಟ್ಟಳು. ಹಂಡೆಯ ಒಲೆಯನ್ನು ಅವಳು ಮತ್ತೆ ಹಚ್ಚಲಿಲ್ಲ. ಎಂಥ ಚಳಿಗೂ ತಣ್ಣೀರೇ. ಒಂಬತ್ತನೆಯ ಚಳಿಗಾಲಕ್ಕೆ ಎದೆಯಲ್ಲಿ ಕಫ ಕಟ್ಟಿತು, ಡಾಕ್ಟರರು ತೇರದಾಳದಿಂದ ಬರುವಷ್ಟರಲ್ಲಿ ಹೋಗಿಬಿಟ್ಟಳು. ಹೋಗುವ ಮುಂಚೆ ಮಗನ ಕೈ ಹಿಡಿದು, ಅರ್ಧವನ್ನಾದರೂ ಮನೆ ಮುಟ್ಟಿಸಿದೆವಲ್ಲ ಜಿನ್ನಪ್ಪಾ ಎಂದಳಂತೆ. ಅವರು ಹೌದು ಎಂದರು.

ಪ್ರದರ್ಶನದ ದಿನದ ಮಾತೊಂದು ಹೇಳುವುದು ಉಳಿದಿದೆ. ಹೊಳೆಗೆ ಬಿಟ್ಟು ನಾಲ್ಕು ದಿನವಾಗಿತ್ತು. ಗುರುವಾರ ಬೆಳಿಗ್ಗೆ ಜಮಖಂಡಿಗೆ ಹೋಗುವ ಬಸ್ಸು ಸಾಲೆಯ ಮುಂದೆ ನಿಂತಿತ್ತು. ಮಕ್ಕಳು ಚಿತ್ರ ಸುತ್ತಿಕೊಂಡು ಬಸ್ಸು ಹತ್ತಿ, ನಾವು ಹೊಳೆಗೆ ಬಿಟ್ಟದ್ದು ಸಮುದ್ರವನ್ನು ಮುಟ್ಟುತ್ತದೆ ಎಂದು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರು. ಶಂಖ, ಚಿಪ್ಪು ಏನಾದವು ಎಂದು ಕೇಳಿದವರಿಗೆ ಮಾಸ್ತರರು ಇಲಿ ತಿಂದವು ಎಂದು ಸುಳ್ಳು ಹೇಳಿದ್ದರು. ಟೇಬಲ್ಲಿನ ಮೇಲೆ ಇಡಲು ಏನೂ ಇರಲಿಲ್ಲ.

ಹೊಳೆವ್ವ ಎಲ್ಲರಿಗಿಂತ ಹಿಂದೆ ಬಂದಳು. ಮಾಸ್ತರರು ಒಬ್ಬರೇ ವರ್ಗದ ಕೋಣೆಯಲ್ಲಿ ಕೂತಿದ್ದರು. ಕಾರವಾರದಲ್ಲಿ ಅವರು ಕೊಟ್ಟಿದ್ದ ಅದೇ ಚೀಲವನ್ನು ಅವಳು ಮೇಜಿನ ಮೇಲೆ ಇಟ್ಟಳು. ಈಗ ಅದು ತುಂಬಿತ್ತು. ತಾರವ್ವ ಬಿಟ್ಟ ಜಾಗದಿಂದ ನಾಲ್ಕು ಮಾರು ಕೂಡ ಮುಂದೆ ಹೋಗಿರಲಿಲ್ಲವಂತೆ, ಅಲ್ಲೇ ತಳಕ್ಕೆ ಕೂತಿದ್ದವಂತೆ, ಹೊಳೆಯ ಮೀನು ಒಳಗಿನದನ್ನೆಲ್ಲ ತಿಂದಿದ್ದವಂತೆ. ಅವಳೂ ಅಪ್ಪನೂ ಬುಧವಾರವಿಡೀ ಮುಳುಗಿ ಆರಿಸಿದ್ದರು. ಉಸುಕು ಹೋಗುವಂತೆ ತೊಳೆದಿದ್ದಳು. ಶಂಖಗಳು ಇನ್ನೂ ಹಾಗೇ ಹೊಳೆಯುತ್ತಿದ್ದವು.

"ಈಗ ಒಳಗ ಯಾರೂ ಇಲ್ಲರಿ ಸರ್," ಎಂದಳು. "ಈಗ ಇಡಬಹುದರಿ."

ಮಾಸ್ತರರು ಒಂದನ್ನು ಎತ್ತಿ ಬೋರಲು ಮಾಡಿ ನೋಡಿದರು. ಹೊರಗೆ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಅವರ ಕಣ್ಣು ತುಂಬಿ ಬಂದು ಚೀಲವೂ ಹುಡುಗಿಯೂ ಕಾಣದಾದವು. ಹುಡುಗಿ ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಅಜ್ಜಿಗೆ ಹೇಳಬ್ಯಾಡ್ರಿ."